ನೇರ ನಮ್ಮದು, ಓರೆ ಅವರದು ಅನ್ನುವ ಫಾರ್ವರ್ಡ್ ನಿಲ್ಲಿಸಿ

ಮಾನ್ಯ ಸಂಪಾದಕರೇ,

ಗೋಕರ್ಣದ ಕಡೆಯ ಹೋಂಸ್ಟೇಯವರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಚಿತ್ರ ಓಡಾಡುತ್ತಿದೆ. ಅದರಲ್ಲಿ ಎರಡು ಸ್ವಸ್ತಿಕ ಇವೆ. ಒಂದು ಹಳದಿ ಬಣ್ಣದ್ದು, ನೆಟ್ಟಗೆ ನಿಂತದ್ದು. ಅದರ ಕೆಳಗೆ ಹಸಿರು ಟಿಕ್. ಇನ್ನೊಂದು ಕಪ್ಪು, ಓರೆಯಾಗಿ ನಿಂತದ್ದು. ಅದರ ಕೆಳಗೆ ಕೆಂಪು ಇಂಟು. ‘ನಮ್ಮದು ನೇರ, ನಾಜಿಗಳದ್ದು ಓರೆ. ನಮ್ಮದು ಬಲಕ್ಕೆ, ಅವರದು ಎಡಕ್ಕೆ. ವಿದೇಶಿಯರು ಕೇಳಿದರೆ ಇದನ್ನು ತೋರಿಸಿ’ ಅಂತ ಬರೆದಿದ್ದಾರೆ. ಕಳಿಸಿದವರೆಲ್ಲ ನನ್ನ ಪರಿಚಯದವರೇ. ಒಳ್ಳೆಯ ಮನಸ್ಸಿನಿಂದಲೇ ಕಳಿಸಿದ್ದಾರೆ. ಆದರೆ ಅದರಲ್ಲಿ ಇರುವುದು ಸುಳ್ಳು. ಅದನ್ನು ಹೇಳುವುದಕ್ಕೇ ಈ ಪತ್ರ.

ನಾನು ಅಂಕೋಲೆಯಲ್ಲಿ ಬೋರ್ಡ್ ಬರೆಯುವವನು. ಫ್ಲೆಕ್ಸ್ ಬಂದ ಮೇಲೆ ಅಂಗಡಿ ಬೋರ್ಡಿನ ಕೆಲಸ ಹೆಚ್ಚುಕಡಿಮೆ ನಿಂತೇ ಹೋಯಿತು. ಈಗ ಉಳಿದದ್ದು ಮೀನುಗಾರಿಕೆ ಬೋಟು, ಲಾರಿ, ದೇವಸ್ಥಾನದ ಗೋಡೆ, ಹೋಂಸ್ಟೇ ಬಾಗಿಲು. ಇದರಲ್ಲಿ ಸ್ವಸ್ತಿಕ ಇಲ್ಲದ ಕೆಲಸ ಕಡಿಮೆ. ಹಾಗಾಗಿ ಈ ವಿಷಯದಲ್ಲಿ ನನಗೂ ಬಾಯಿ ಹಾಕುವ ಹಕ್ಕಿದೆ ಅಂದುಕೊಂಡಿದ್ದೇನೆ. ಇತಿಹಾಸದ ಮಾತುಗಳು ನನ್ನ ಸ್ವಂತದ್ದಲ್ಲ. ಮಗಳು ಧಾರವಾಡದಲ್ಲಿ ಇತಿಹಾಸ ಓದಿದವಳು. ಅವಳು ತಂದುಕೊಟ್ಟ ಪುಸ್ತಕಗಳಿಂದ ಕಲಿತದ್ದು. ಪತ್ರ ಉದ್ದವಾದೀತು. ಕತ್ತರಿಸುವುದಾದರೆ ನಡುವೆ ಕತ್ತರಿಸಿ, ಕೊನೆಯಲ್ಲಿ ಒಂದು ಕೇಳಿಕೆ ಇದೆ, ಅದನ್ನು ಬಿಡಬೇಡಿ.

ಮೊದಲು ಎಡ–ಬಲದ ಮಾತು ಮುಗಿಸುತ್ತೇನೆ. ನಾಜಿಗಳ ಬಾವುಟದಲ್ಲಿದ್ದ ಸ್ವಸ್ತಿಕದ ಕೈಗಳು ಬಲಕ್ಕೇ ತಿರುಗಿದ್ದವು. ನಮ್ಮ ಮನೆ ಬಾಗಿಲಲ್ಲಿ ಬಿಡಿಸುವುದೂ ಅದೇ. ಇನ್ನು ಓರೆ. ಅವರ ಬಾವುಟದಲ್ಲಿ ಅದು ಓರೆಯಾಗಿತ್ತು, ನಿಜ. ಆದರೆ ಹಿಟ್ಲರನ ಸ್ವಂತ ಧ್ವಜದಲ್ಲಿ ಅದೇ ಗುರುತು ನೆಟ್ಟಗೆ ನಿಂತಿತ್ತು. ಸುತ್ತ ಚಿನ್ನದ ಬಣ್ಣದ ಎಲೆಗಳ ಹಾರ, ನಡುವೆ ನೆಟ್ಟಗಿನ ಸ್ವಸ್ತಿಕ. ಅಂದರೆ ಹಸಿರು ಟಿಕ್ ಹಾಕಿದ ಆಕಾರದ ಕೆಳಗೂ ಜನರನ್ನು ಕೊಂದಿದ್ದಾರೆ. ಈ ಸಂಗತಿ ನಮಗೆ ಗೊತ್ತಿಲ್ಲದಿರಬಹುದು. ಎದುರಿಗೆ ನಿಂತ ಯಹೂದಿ ಹುಡುಗನಿಗೆ ಗೊತ್ತಿರುತ್ತದೆ. ಆಗ ನಮ್ಮ ಫೋನ್ ತೋರಿಸಿದರೆ ಏನಾಗುತ್ತದೆ? ನಾವು ಉಳಿದದ್ದು ಹೇಳುವುದೂ ಸುಳ್ಳೇ ಅಂತ ಅವನು ಅಂದುಕೊಳ್ಳುತ್ತಾನೆ, ಅಲ್ವಾ?

ದಿಕ್ಕಿನ ಕಥೆ ನನ್ನಂಥ ಪೇಂಟರಿಗೆ ದಿನಾ ಎದುರಾಗುವಂಥದ್ದು. ಒಂದು ಬೋಟು ತೆಗೆದುಕೊಳ್ಳಿ. ಜೂನ್, ಜುಲೈ ಎರಡು ತಿಂಗಳು ಯಾಂತ್ರೀಕೃತ ಮೀನುಗಾರಿಕೆ ಬಂದ್. ಆಗಲೇ ಬೇಲೆಕೇರಿ, ತದಡಿ, ಬೈತಖೋಲದಲ್ಲಿ ಬೋಟುಗಳಿಗೆ ಬಣ್ಣ. ಮಳೆ ಬಿಟ್ಟ ಗಳಿಗೆ ನೋಡಿ ಕೆಲಸ ಮಾಡಬೇಕು. ಮೂತಿಯ ಎರಡೂ ಪಕ್ಕಕ್ಕೆ ಹೆಸರು, ಮೀನು, ನವಿಲು, ಸ್ವಸ್ತಿಕ. ಮೀನು ಒಂದು ಪಕ್ಕ ಎಡಕ್ಕೆ ನೋಡಿದರೆ ಇನ್ನೊಂದು ಪಕ್ಕ ಬಲಕ್ಕೆ ನೋಡಬೇಕು. ಎರಡೂ ಸಮುದ್ರದ ಕಡೆಗೇ ಮುಖ ಮಾಡಿರಬೇಕಲ್ಲ. ಸ್ವಸ್ತಿಕ ಹಾಗಲ್ಲ. ಎರಡೂ ಪಕ್ಕದಲ್ಲಿ ಬಲಕ್ಕೇ ಇರಬೇಕು. ನಾವು ಸ್ಟೆನ್ಸಿಲ್ ಮಾಡುವುದು ಹಳೇ ಎಕ್ಸ್‌ರೇ ಹಾಳೆಯಲ್ಲಿ. ಬ್ಲೇಡಿನಿಂದ ಸಲೀಸಾಗಿ ಕತ್ತರಿಸಬಹುದು, ಟರ್ಪಂಟೈನಿನಲ್ಲಿ ಒರೆಸಿದರೆ ಮತ್ತೆ ಹೊಸದು. ಆದರೆ ಮೀನಿನ ಹಾಳೆ ಮಗುಚಿದ ಹಾಗೆ ಸ್ವಸ್ತಿಕದ ಹಾಳೆಯನ್ನೂ ಮಗುಚಿದರೆ ಕೆಲಸ ಕೆಟ್ಟಿತು. ಅದಕ್ಕೇ ಹಾಳೆಯ ಮೂಲೆಯಲ್ಲಿ ‘ಮೇಲೆ’ ಅಂತ ಬರೆದಿಟ್ಟಿರುತ್ತೇನೆ.

ಗಾಜಿನ ಬಾಗಿಲು ಇನ್ನೂ ತಮಾಷೆ. ಹೊರಗಿನಿಂದ ಬಲಕ್ಕೆ ಇರುವ ಸ್ವಸ್ತಿಕ ಒಳಗೆ ಕೂತ ಯಜಮಾನನಿಗೆ ಎಡಕ್ಕೆ ಕಾಣುತ್ತದೆ. ‘ಇದು ಉಲ್ಟಾ ಆಯ್ತಲ್ಲ’ ಅಂತ ತಕರಾರು. ಹೊರಗೆ ಕರೆದುಕೊಂಡು ಹೋಗಿ ತೋರಿಸಬೇಕು. ನೆಲದ ಮೇಲಿನ ರಂಗೋಲಿಯಂತೂ ನೀವು ಯಾವ ಮೂಲೆಯಿಂದ ಬಂದಿರೋ ಹಾಗೆ ಕಾಣುತ್ತದೆ. ಮೂಲೆಯ ಕಡೆಯಿಂದ ಬಂದವನಿಗೆ ಅದು ಓರೆಯೇ. ಇಷ್ಟು ಸಣ್ಣ ವಿಷಯದ ಮೇಲೆ ಶುಭ–ಅಶುಭ ತೂಗುವುದು ನನಗೆ ಸರಿ ಕಾಣುವುದಿಲ್ಲ.

ಎಡಕ್ಕೆ ತಿರುಗಿದ್ದೆಲ್ಲ ಕೆಟ್ಟದ್ದು ಅನ್ನುವವರು ಜಪಾನಿನ ನಕ್ಷೆ ನೋಡಲಿ. ಅಲ್ಲಿ ಬೌದ್ಧ ದೇವಾಲಯಕ್ಕೆ ಹಾಕುವ ಗುರುತು ಎಡಮುಖದ ಸ್ವಸ್ತಿಕ. ಅದಕ್ಕೆ ಮಂಜಿ ಅನ್ನುತ್ತಾರೆ. 2016ರಲ್ಲಿ ಪ್ರವಾಸಿಗರಿಗೆ ಗೊಂದಲ ಆಗುತ್ತದೆ, ವಿದೇಶಿಯರ ನಕ್ಷೆಯಲ್ಲಿ ಇದನ್ನು ಬದಲಿಸೋಣ ಅಂತ ಅಲ್ಲಿನ ನಕ್ಷೆ ಇಲಾಖೆಯಲ್ಲಿ ಮಾತು ಬಂತು. ಜನ ಒಪ್ಪಲಿಲ್ಲ. ಜಪಾನಿಗರ ನಕ್ಷೆಯಲ್ಲಿ ಮಂಜಿ ಈಗಲೂ ಇದೆ.

ಅಷ್ಟು ದೂರ ಯಾಕೆ, ನಮ್ಮ ಜಿಲ್ಲೆಯಲ್ಲೇ ಈ ಗುರುತಿಗೆ ಒಂದೇ ಅರ್ಥ ಇಲ್ಲ. ಸೋಂದೆಯ ಸ್ವಾದಿ ಜೈನ ಮಠದ ಕಡೆ ಹೋದರೆ, ಭಟ್ಕಳದ ಹಳೆಯ ಬಸದಿಗಳ ಕಡೆ ಹೋದರೆ, ಅಲ್ಲಿನವರಿಗೆ ಇದು ವ್ಯಾಪಾರದ ಲಾಭಕ್ಕೆ ಹಾಕುವ ಗುರುತಲ್ಲ. ಏಳನೆಯ ತೀರ್ಥಂಕರ ಸುಪಾರ್ಶ್ವನಾಥರ ಲಾಂಛನ ಅದು. ನಾಲ್ಕು ಕೈ ಅಂದರೆ ಜೀವ ಸುತ್ತುವ ನಾಲ್ಕು ಗತಿ: ದೇವ, ಮನುಷ್ಯ, ಪ್ರಾಣಿ–ಸಸ್ಯಗಳ ಜನ್ಮ, ನರಕ. ಅಕ್ಕಿಯ ಕಾಳಿನಲ್ಲಿ ಬಿಡಿಸಿ, ಮೇಲೆ ಮೂರು ಚುಕ್ಕೆ ಇಟ್ಟು, ಅದರ ಮೇಲೆ ಅರ್ಧಚಂದ್ರ ಇಡುತ್ತಾರೆ. ಈ ಸುತ್ತಾಟದಿಂದ ಬಿಡುಗಡೆ ಸಿಗಲಿ ಅಂತ. ನಮ್ಮ ಅಂಗಡಿಯವರು ಲಕ್ಷ್ಮಿ ಒಳಗೆ ಬರಲಿ, ಇಲ್ಲೇ ನಿಲ್ಲಲಿ ಅಂತ ಬಿಡಿಸುತ್ತಾರೆ. ಜೈನರು ಇಲ್ಲಿಂದ ಹೊರಟರೆ ಸಾಕು ಅಂತ ಬಿಡಿಸುತ್ತಾರೆ. ಗೆರೆ ಮಾತ್ರ ಅದೇ!

ಮುಂಡಗೋಡಿನ ಟಿಬೆಟನ್ ಕ್ಯಾಂಪಿನಲ್ಲಿ ಮೂರನೆಯ ಅರ್ಥ. 1966ರಿಂದ ಅವರು ನಮ್ಮ ಜಿಲ್ಲೆಯವರೇ. ಅಲ್ಲಿ ಒಂದು ಅಂಗಡಿಗೆ ಬೋರ್ಡ್ ಬರೆಯಲು ಹೋಗಿದ್ದಾಗ ಬಾಗಿಲ ಪರದೆಯ ಮೇಲೆ ಸ್ವಸ್ತಿಕ ಹೊಲಿದದ್ದು ನೋಡಿದೆ. ಅಂಗಡಿಯ ಅಮ್ಮನನ್ನು ಕೇಳಿದರೆ, ‘ಅಲುಗದೆ ಇರುವುದು, ಬದಲಾಗದೆ ಇರುವುದು’ ಅಂದರು. ಅವರಲ್ಲಿ ಇದಕ್ಕೆ ಯುಂಗ್‌ಡ್ರುಂಗ್ ಅನ್ನುತ್ತಾರಂತೆ. ಮದುವೆಯಲ್ಲಿ ಗಂಡು–ಹೆಣ್ಣು ಕೂರುವ ಆಸನದ ಕೆಳಗೆ ಧಾನ್ಯದಲ್ಲಿ ಬಿಡಿಸುತ್ತಾರಂತೆ. ಟಿಬೆಟಿನಲ್ಲಿ ಬೌದ್ಧರಿಗಿಂತ ಹಳೆಯದು ಅನ್ನುವ ಬೋನ್ ಧರ್ಮದವರು ಎಡಕ್ಕೆ ತಿರುಗಿಸುತ್ತಾರೆ, ಬೌದ್ಧರು ಬಲಕ್ಕೆ. ಇಬ್ಬರಿಗೂ ಪವಿತ್ರವೇ. ಚಕ್ರದಂತೆ ಸುತ್ತುವ ಆಕಾರವನ್ನು ನೋಡಿ ಒಬ್ಬರಿಗೆ ‘ಸುತ್ತಾಟ’ ಕಂಡಿತು, ಇನ್ನೊಬ್ಬರಿಗೆ ‘ಅಲುಗದ್ದು’ ಕಂಡಿತು. ನನಗೆ ಇದೇ ಹೆಚ್ಚು ಖುಷಿ ಕೊಟ್ಟ ಸಂಗತಿ.

ಇದು ನಮ್ಮ ದೇಶದ್ದೇ, ಉಳಿದವರು ಕದ್ದರು ಅನ್ನುವುದೂ ಪೂರ್ತಿ ಸರಿಯಲ್ಲ. ಸಿಂಧೂ ಕಣಿವೆಯ ಮುದ್ರೆಗಳಲ್ಲಿ ಸ್ವಸ್ತಿಕ ಇದೆ, ನಾಲ್ಕು ಸಾವಿರ ವರ್ಷಕ್ಕೂ ಹಿಂದಿನದು. ಅದಕ್ಕಿಂತಲೂ ಎಷ್ಟೋ ಹಳೆಯದು ಉಕ್ರೇನಿನ ಮೆಜಿನ್ ಅನ್ನುವಲ್ಲಿ ಸಿಕ್ಕಿದೆ. ಆನೆಯ ಹಾಗಿದ್ದ ಮ್ಯಾಮತ್ ಪ್ರಾಣಿಯ ದಂತದಲ್ಲಿ ಕೆತ್ತಿದ ಹಕ್ಕಿ. ಅದರ ಮೈಮೇಲೆ ಸ್ವಸ್ತಿಕದಂಥ ಗೆರೆಗಳು. ಕೆತ್ತಿದವರು ಏನು ಅಂದುಕೊಂಡು ಕೆತ್ತಿದರು, ಯಾರು ಹೇಳಬೇಕು? ಅಮೆರಿಕದ ಮೂಲನಿವಾಸಿ ನವಾಹೋ ಜನರು ತಮ್ಮಷ್ಟಕ್ಕೆ ತಾವು ಇದನ್ನು ಬಿಡಿಸುತ್ತಿದ್ದರು. ಕಾಯಿಲೆ ವಾಸಿ ಮಾಡುವ ವಿಧಿಯಲ್ಲಿ ಬಣ್ಣದ ಮರಳಿನಿಂದ ನೆಲದ ಮೇಲೆ ಬಿಡಿಸುವ ಚಿತ್ರ ಅದು. ಕೇಳಿದಾಗ ನನಗೆ ನಮ್ಮ ಮಂಡಲ ಬರೆಯುವವರೇ ಕಣ್ಣ ಮುಂದೆ ಬಂದರು. ನವಾಹೋ ಜನರಿಗೆ ನಮ್ಮ ಪರಿಚಯವೇ ಇರಲಿಲ್ಲ.

ಹಾಗಾದರೆ ಜರ್ಮನಿಗೆ ಹೋದದ್ದು ಹೇಗೆ? ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಎಲ್ಲ ಕೆಟ್ಟದ್ದೂ ಹಿಟ್ಲರನಿಂದಲೇ ಶುರುವಾಯಿತು ಅಂತ ನಾನೂ ಅಂದುಕೊಂಡಿದ್ದೆ. ಹಾಗಲ್ಲ. 1870ರ ದಶಕದಲ್ಲಿ ಹೈನ್‌ರಿಶ್ ಶ್ಲೀಮನ್ ಅನ್ನುವ ಶ್ರೀಮಂತ ಜರ್ಮನ್ ವ್ಯಾಪಾರಿ ಟರ್ಕಿಯಲ್ಲಿ ಟ್ರಾಯ್ ನಗರ ಹುಡುಕುತ್ತಾ ನೆಲ ಅಗೆದ. ನೂಲುವ ಕದಿರಿಗೆ ಹಾಕುವ ಮಣ್ಣಿನ ಬಿಲ್ಲೆಗಳು ರಾಶಿ ರಾಶಿ ಸಿಕ್ಕವು. ಅವುಗಳ ಮೇಲೆ ಸ್ವಸ್ತಿಕ. ಹೆಂಗಸರು ನೂಲುವಾಗ ಬೆರಳಲ್ಲಿ ತಿರುಗಿಸುತ್ತಿದ್ದ ವಸ್ತು ಅದು. ಶ್ಲೀಮನ್ ಅಷ್ಟಕ್ಕೆ ಬಿಡಲಿಲ್ಲ. ಭಾರತದ ಸ್ವಸ್ತಿಕದ ಬಗ್ಗೆ ಯುರೋಪಿನ ವಿದ್ವಾಂಸರು ಬರೆದದ್ದು ಅವನಿಗೆ ಗೊತ್ತಿತ್ತು. ಜರ್ಮನಿಯ ಹಳೇ ಮಡಕೆಗಳ ಮೇಲೂ ಅಂಥದ್ದೇ ಗುರುತು ಕಂಡಿತ್ತು. ಇದು ಆರ್ಯರೆಲ್ಲರ ಧಾರ್ಮಿಕ ಗುರುತು ಅಂದುಬಿಟ್ಟ. ಅವನಿಗೆ ಎಷ್ಟು ಹಿಡಿಸಿತೆಂದರೆ ಅಥೆನ್ಸಿನಲ್ಲಿ ಕಟ್ಟಿಸಿದ ಮನೆಯ ಅಲಂಕಾರದಲ್ಲೂ ಅದನ್ನೇ ಹಾಕಿಸಿದ.

ಆಗ ಎಚ್ಚರಿಕೆ ಹೇಳಿದವರು ಮ್ಯಾಕ್ಸ್ ಮುಲ್ಲರ್. ಋಗ್ವೇದವನ್ನು ಅಚ್ಚು ಹಾಕಿಸಿದರಲ್ಲ, ಅವರೇ. ಬೇರೆ ಬೇರೆ ದೇಶದಲ್ಲಿ ಒಂದೇ ತರಹದ ಗುರುತು ಸಿಕ್ಕಿದ ಮಾತ್ರಕ್ಕೆ ಮೂಲ ಒಂದೇ ಅಂತ ಆಗುವುದಿಲ್ಲ, ಭಾರತದಲ್ಲಿ ಅದಕ್ಕೆ ಅದರದೇ ಚರಿತ್ರೆ ಇದೆ ಅಂತ ಶ್ಲೀಮನ್‌ಗೆ ಬರೆದರು. ಶ್ಲೀಮನ್ ಆ ಪತ್ರವನ್ನು ತನ್ನ ಪುಸ್ತಕದಲ್ಲೇ ಅಚ್ಚು ಹಾಕಿಸಿದ. ಆದರೆ ಓದಿದ ಜನರಿಗೆ ಬೇಕಾದದ್ದು ಎಚ್ಚರಿಕೆಯ ಮಾತಲ್ಲ, ಆರ್ಯರ ಕಥೆ. ಮುಂದಿನ ನಲವತ್ತು ವರ್ಷದಲ್ಲಿ ಜರ್ಮನಿಯ ಸಣ್ಣ ಸಣ್ಣ ಜನಾಂಗವಾದಿ ಗುಂಪುಗಳು ಅದನ್ನು ಯಹೂದಿಗಳ ವಿರುದ್ಧದ ಗುರುತು ಮಾಡಿಕೊಂಡವು. 1920ರಲ್ಲಿ ಹಿಟ್ಲರನ ಪಕ್ಷ ಅದನ್ನು ಬಾವುಟಕ್ಕೆ ಹಾಕಿಕೊಂಡಿತು. ಅಂದರೆ ಈ ಕೆಡುಕಿಗೆ ದಾರಿ ಮಾಡಿದ್ದು ಒಬ್ಬ ಉತ್ಸಾಹಿಯ ಅರೆಬರೆ ವಿದ್ವತ್ತು. ನಮ್ಮ ವಾಟ್ಸ್‌ಆ್ಯಪ್ ಪಂಡಿತರು ಇದನ್ನು ಸ್ವಲ್ಪ ಗಮನಿಸಲಿ.

ಅದೇ ಕಾಲಕ್ಕೆ ಉಳಿದ ಯುರೋಪು, ಅಮೆರಿಕದಲ್ಲಿ ಅದು ಸುಮ್ನೆ ಅದೃಷ್ಟದ ಗುರುತಾಗಿತ್ತು. ಕೋಕಾಕೋಲಾ ಕಂಪನಿ ಸ್ವಸ್ತಿಕದ ಆಕಾರದ ಬಿಲ್ಲೆ ಹಂಚಿತ್ತು. ಅಮೆರಿಕ ಸೇನೆಯ 45ನೇ ಡಿವಿಜನ್ನಿನ ಸೈನಿಕರು ಕೆಂಪು ಬಟ್ಟೆಯ ಮೇಲೆ ಹಳದಿ ಸ್ವಸ್ತಿಕ ಹೊಲಿಸಿಕೊಂಡು ಓಡಾಡುತ್ತಿದ್ದರು. ಕೆಂಪು–ಹಳದಿ, ನಮ್ಮ ಬೋಟಿನ ಬಣ್ಣವೇ! 1939ರಲ್ಲಿ ಅದನ್ನು ತೆಗೆದು ಗುಡುಗು ಹಕ್ಕಿಯ ಚಿತ್ರ ಹಾಕಿಕೊಂಡರು. ಅದೇ ಡಿವಿಜನ್ 1945ರಲ್ಲಿ ನಾಜಿಗಳ ಡಾಖಾವ್ ಯಾತನಾ ಶಿಬಿರವನ್ನು ಬಿಡಿಸಿದ ಸೇನೆಗಳಲ್ಲಿ ಒಂದು.

1935ರ ಸೆಪ್ಟೆಂಬರ್ 15ರಂದು ನ್ಯೂರೆಂಬರ್ಗಿನಲ್ಲಿ ಆದದ್ದನ್ನು ಮಾತ್ರ ಹೇಳಲೇಬೇಕು. ಸ್ವಸ್ತಿಕದ ಬಾವುಟವೇ ಜರ್ಮನಿಯ ರಾಷ್ಟ್ರಧ್ವಜ ಅಂತ ಕಾನೂನು ಆದ ದಿನ. ಅದೇ ದಿನ, ಅದೇ ಸಭೆಯಲ್ಲಿ ಯಹೂದಿಗಳ ಪೌರತ್ವ ಕಿತ್ತುಕೊಂಡರು. ಅವರು ಜರ್ಮನರನ್ನು ಮದುವೆ ಆಗಬಾರದು ಅಂದರು. ಆ ಬಾವುಟ ಹಾರಿಸುವ ಹಕ್ಕೂ ಅವರಿಗಿಲ್ಲ ಅಂದರು. ಆಮೇಲೆ ಅರವತ್ತು ಲಕ್ಷ ಯಹೂದಿಗಳ ಕೊಲೆ. ಹಾಗಿರುವಾಗ ಅವರ ಮೊಮ್ಮಕ್ಕಳು ಆ ಗುರುತನ್ನು ಕಂಡು ಬೆಚ್ಚಿದರೆ ‘ಇವರಿಗೆ ನಮ್ಮ ಸಂಸ್ಕೃತಿ ಗೊತ್ತಿಲ್ಲ’ ಅಂತ ಮೂಗು ಮುರಿಯುವುದು ಸರಿಯಾ?

ಕುಡ್ಲೆ ಬೀಚಿನ ಮೇಲಿನ ಒಂದು ಮನೆಯಲ್ಲಿ ಆದದ್ದು ಹೇಳುತ್ತೇನೆ. ಮನೆಯ ಮುಂದಿನ ಎರಡು ಕೋಣೆ ಬಾಡಿಗೆಗೆ. ಚಳಿಗಾಲದಲ್ಲಿ ಇಸ್ರೇಲಿನ ಹುಡುಗ ಹುಡುಗಿಯರು ಜಾಸ್ತಿ. ಮಿಲಿಟರಿ ಸೇವೆ ಮುಗಿಸಿ ಊರು ಸುತ್ತಲು ಬರುವವರು. ನಾನು ಬಾಗಿಲ ಚೌಕಟ್ಟಿಗೆ ಬಣ್ಣ ಹಚ್ಚುತ್ತಿದ್ದೆ. ಒಬ್ಬ ಹುಡುಗಿ ಬ್ಯಾಗ್ ಹೊತ್ತು ಬಂದವಳು ಹೊಸ್ತಿಲ ಮುಂದೆ ಗಕ್ಕನೆ ನಿಂತಳು. ನೆಲದ ಮೇಲೆ ಮನೆಯ ಅಜ್ಜಿ ಬೆಳಿಗ್ಗೆ ಹಾಕಿದ್ದ ರಂಗೋಲಿ. ಒಂದು ಪಕ್ಕ ಸ್ವಸ್ತಿಕ, ಒಂದು ಪಕ್ಕ ಷಟ್ಕೋನ, ಅಂದರೆ ಆರು ಮೂಲೆಯ ನಕ್ಷತ್ರ. ಅದು ಅವಳ ದೇಶದ ಧ್ವಜದಲ್ಲಿರುವ ನಕ್ಷತ್ರ. ಸ್ವಸ್ತಿಕದ ಪಕ್ಕಕ್ಕೇ ಅದು ಇರುವುದು ನೋಡಿ ಅವಳಿಗೆ ಏನೂ ತಿಳಿಯಲಿಲ್ಲ. ಯಾರೋ ಬೇಕಂತಲೇ ಬರೆದಿದ್ದಾರೆ ಅನ್ನಿಸಿತಂತೆ. ಮುಖ ಬಿಳಿಚಿಕೊಂಡಿತು.

ಆ ನಕ್ಷತ್ರದ ಕಥೆಯೂ ಹೀಗೇ. ಅಜ್ಜಿಗೆ ಅದು ಶಿವ–ಶಕ್ತಿ: ಮೇಲೆ ನೋಡುವ ತ್ರಿಕೋನ, ಕೆಳಗೆ ನೋಡುವ ತ್ರಿಕೋನ. ಯುರೋಪಿನಲ್ಲಿ ಅದು ನಿಧಾನಕ್ಕೆ ಯಹೂದಿಗಳ ಗುರುತಾಯಿತು. 1941ರಲ್ಲಿ ಜರ್ಮನಿಯಲ್ಲಿ ನಾಜಿಗಳು ಅದನ್ನೇ ಹಳದಿ ಬಟ್ಟೆಯಲ್ಲಿ ಕತ್ತರಿಸಿ ಯಹೂದಿಗಳ ಎದೆಯ ಮೇಲೆ ಹೊಲಿಸಿದರು, ಬೀದಿಯಲ್ಲಿ ಗುರುತು ಸಿಗಲಿ ಅಂತ. 1948ರಲ್ಲಿ ಅದೇ ನಕ್ಷತ್ರ ಇಸ್ರೇಲಿನ ಬಾವುಟ ಏರಿತು. ಅವಮಾನಕ್ಕೆ ಹೊಲಿಸಿದ್ದನ್ನು ಅವರು ಅಭಿಮಾನದ ಗುರುತು ಮಾಡಿಕೊಂಡರು. ಬೋಟುಗಳ ಮೇಲೆ ನಾನು ಬರೆಯುವ ಶಿಲುಬೆಯೂ ಹಾಗೇ ಅಲ್ವಾ? ರೋಮನ್ನರ ಕಾಲದಲ್ಲಿ ಅದು ಅಪರಾಧಿಗಳನ್ನು ಕೊಲ್ಲುವ ಮರ. ಈಗ ಬೈತಖೋಲದ ಕ್ರಿಶ್ಚಿಯನ್ ಮೀನುಗಾರರು ಅದಕ್ಕೆ ಕೈ ಮುಗಿದು ಸಮುದ್ರಕ್ಕೆ ಹೋಗುತ್ತಾರೆ.

ಹುಡುಗಿಗೆ ಮನೆಯ ಮಗ ಇಂಗ್ಲಿಷಿನಲ್ಲಿ ವಿವರಿಸಿದ. ಅಜ್ಜಿ ದಿನಾ ಹಾಕುತ್ತಾಳೆ, ಇದು ಇಲ್ಲಿನದು, ಬಹಳ ಹಳೆಯದು ಅಂದ. ಅವಳು ತಲೆ ಆಡಿಸಿದಳು. ‘ಅರ್ಥ ಆಗುತ್ತೆ, ಆದರೂ ಹೊಟ್ಟೆ ತೊಳಸುತ್ತೆ’ ಅಂದಳು. ಅವಳ ಅಜ್ಜಿ ಪೋಲೆಂಡಿನಿಂದ ಒಬ್ಬಳೇ ಉಳಿದು ಬಂದವಳಂತೆ. ಮನೆಯ ಮಗ ನನ್ನ ಕಡೆ ತಿರುಗಿ, ‘ಮಾರಾಯ್ರೆ, ಚೌಕಟ್ಟಿನ ಮೇಲಿಂದು ಅಳಿಸಿಬಿಡಿ, ಸೀಸನ್ ಮುಗಿಯಲಿ, ಮತ್ತೆ ಬರೆದರಾಯ್ತು’ ಅಂದ. ಅಜ್ಜಿ ಒಳಗಿನಿಂದಲೇ ಕೇಳಿಸಿಕೊಂಡಳು. ಹೊರಗೆ ಬಂದು ನನಗೆ ಹೇಳಿದಳು: ‘ತಮಾ, ಆ ಹೆಣ್ಣಿಗೆ ಬೇಕಾದ್ರೆ ಪಕ್ಕದ ಬಾಗಿಲಿದೆ. ಲಕ್ಷ್ಮಿಗೆ ಇರೋದು ಇದೊಂದೇ ಬಾಗಿಲು.’

ನಾನು ಅಳಿಸಲಿಲ್ಲ. ಹುಡುಗಿ ಇದ್ದಷ್ಟು ದಿನವೂ ಪಕ್ಕದ ಬಾಗಿಲಿಂದಲೇ ಓಡಾಡಿದಳು. ಅಜ್ಜಿ ಅವಳಿಗೆ ಅಲ್ಲಿಗೇ ಚಾ ತಂದುಕೊಡುತ್ತಿದ್ದಳು. ಇಬ್ಬರೂ ಬದಲಾಗಲಿಲ್ಲ. ಇಬ್ಬರಿಗೂ ಅದರಿಂದ ಏನೂ ಕಡಿಮೆ ಆಗಲಿಲ್ಲ. ಆ ಫಾರ್ವರ್ಡ್ ತೋರಿಸಿದ್ದರೆ ಇಷ್ಟೂ ಆಗುತ್ತಿರಲಿಲ್ಲ ಅಂತ ನನ್ನ ಅಂದಾಜು.

ಈಗ ಇನ್ನೊಂದು ತುದಿಯ ಮಾತು. ಒಬ್ಬ ಹುಡುಗ ಜೀಪ್ ತಂದ. ಬಾನೆಟ್ಟಿಗೆ ಪೂರ್ತಿ ಕೆಂಪು, ನಡುವೆ ಬಿಳಿ ಗುಂಡು, ಅದರೊಳಗೆ ಕಪ್ಪು ಸ್ವಸ್ತಿಕ ಬೇಕು ಅಂದ, ನಾಜಿ ಬಾವುಟದ ಹಾಗೇ. ಫೋನಿನಲ್ಲಿ ಸಿನಿಮಾ ಚಿತ್ರ ಇತ್ತು. ನಾನು ಆಗುವುದಿಲ್ಲ ಅಂದೆ. ‘ಅಣ್ಣಾ, ನಮ್ಮ ಸ್ವಸ್ತಿಕನೇ ಅಲ್ದಾ? ಓರೆ ಬೇಡ ಅಂದ್ರೆ ನೇರ ಬರೀರಿ’ ಅಂದ. ಆ ಫಾರ್ವರ್ಡ್ ಅವನಿಗೂ ಹೋಗಿತ್ತು ನೋಡಿ! ಹಳದಿಯಲ್ಲಿ ಬರೆಯುತ್ತೇನೆ, ನಾಲ್ಕು ಚುಕ್ಕೆ ಇಡುತ್ತೇನೆ, ಕೆಳಗೆ ಶುಭ–ಲಾಭ ಹಾಕುತ್ತೇನೆ, ದುಡ್ಡೂ ಬೇಡ ಅಂದೆ. ಅವನು ಮುಖ ಹುಳ್ಳಗೆ ಮಾಡಿಕೊಂಡ. ‘ಅದರಲ್ಲಿ ಪವರ್ ಇಲ್ಲ’ ಅಂದ. ಆಮೇಲೆ ಎಲ್ಲೋ ಸ್ಟಿಕ್ಕರ್ ಕತ್ತರಿಸಿ ಅಂಟಿಸಿಕೊಂಡನಂತೆ.

ಅವನಿಗೆ ಬೇಕಿದ್ದದ್ದು ಏನು ಅಂತ ಅವನೇ ಹೇಳಿದ. ಗೆರೆಯ ಕೋನ ಅಲ್ಲ. ಆ ಕಪ್ಪು–ಬಿಳಿ–ಕೆಂಪು ನೋಡಿದರೆ ಎದುರಿನವನಿಗೆ ಆಗುವ ಹೆದರಿಕೆ. ಇಂಥ ಹುಚ್ಚು ನಮ್ಮ ದೇಶದಲ್ಲಿ ಹೊಸದಲ್ಲ. 2006ರಲ್ಲಿ ನವಿ ಮುಂಬೈಯಲ್ಲಿ ಹಿಟ್ಲರನ ಹೆಸರಿನ ಹೋಟೆಲ್ ಶುರುವಾಗಿ, ಗಲಾಟೆಯಾದ ಮೇಲೆ ಹೆಸರು ಬದಲಾಯಿತು. 2012ರಲ್ಲಿ ಅಹಮದಾಬಾದಿನಲ್ಲಿ ಬಟ್ಟೆ ಅಂಗಡಿಗೆ ಅದೇ ಹೆಸರು. ಒಂದು ಕಡೆ ‘ನಮ್ಮದು ಪವಿತ್ರ, ಅವರದೇ ಬೇರೆ’ ಅಂತ ವಿದೇಶಿಯರಿಗೆ ಪಾಠ. ಇನ್ನೊಂದು ಕಡೆ ಅವರದ್ದೇ ಸ್ಟೈಲ್ ಅಂತ ಬಾನೆಟ್ಟಿಗೆ. ಎರಡೂ ಒಂದೇ ಫೋನಿನಲ್ಲಿ ಇರುತ್ತವೆ. ನಮ್ಮ ಸ್ವಸ್ತಿಕಕ್ಕೆ ಹೆಚ್ಚು ಅವಮಾನ ಮಾಡುತ್ತಿರುವವರು ಆ ಹುಡುಗಿಯಲ್ಲ, ಈ ಹುಡುಗ ಅಂತ ನನಗೆ ಅನ್ನಿಸುತ್ತದೆ.

ಬೇರೆ ದೇಶದವರು ಏನೇನು ಮಾಡಿದರು ಅಂತ ನೋಡಿದರೆ ಒಬ್ಬೊಬ್ಬರದು ಒಂದೊಂದು ದಾರಿ. 1940ರಲ್ಲಿ ಅಮೆರಿಕದ ಅರಿಜೋನಾದಲ್ಲಿ ನವಾಹೋ, ಹೋಪಿ, ಅಪಾಚೆ, ಪಾಪಗೋ ಜನರ ಪ್ರತಿನಿಧಿಗಳು ಸೇರಿ, ಇನ್ನು ಮುಂದೆ ಕಂಬಳಿ, ಬುಟ್ಟಿಗಳ ಮೇಲೆ ಈ ಗುರುತು ಹಾಕುವುದಿಲ್ಲ ಅಂತ ಸಹಿ ಹಾಕಿದರು. ಇನ್ನೊಬ್ಬರ ಮೇಲೆ ಆದ ಅನ್ಯಾಯಕ್ಕೆ ತಮ್ಮ ಹಿರಿಯರ ಗುರುತನ್ನೇ ಬಿಟ್ಟುಕೊಟ್ಟರು. ದೊಡ್ಡ ಮನಸ್ಸು. ಆದರೆ ಮನಸ್ಸಿಗೆ ಬೇಸರವೂ ಆಗುತ್ತದೆ, ಯಾಕೆಂದರೆ ತಪ್ಪು ಅವರದಲ್ಲ. ಕೆನಡಾದಲ್ಲಿ ಇದಕ್ಕೆ ಉಲ್ಟಾ. ಒಂಟಾರಿಯೋದಲ್ಲಿ ಸ್ವಸ್ತಿಕ ಅನ್ನುವ ಊರೇ ಇದೆ, ಚಿನ್ನದ ಗಣಿಯ ಕಾಲದಲ್ಲಿ ಬಂದ ಹೆಸರು. ಯುದ್ಧದ ಸಮಯದಲ್ಲಿ ಸರ್ಕಾರ ಊರಿನ ಹೆಸರನ್ನು ವಿನ್‌ಸ್ಟನ್ ಅಂತ ಬದಲಿಸಿತು. ಊರಿನವರು ಹೊಸ ಬೋರ್ಡ್ ಕಿತ್ತು ಹಳೆಯದನ್ನೇ ಹಾಕಿಕೊಂಡರು. ಈಗಲೂ ಅದೇ ಹೆಸರು. (ಆ ಬೋರ್ಡ್ ಬರೆದ ಪೇಂಟರನ್ನು ಒಮ್ಮೆ ನೋಡಬೇಕಿತ್ತು.)

ಜರ್ಮನಿಯಲ್ಲಿ ನಾಜಿ ಗುರುತು ತೋರಿಸಿದರೆ ಅಪರಾಧ. 2007ರಲ್ಲಿ ಯುರೋಪಿಗೆಲ್ಲ ಆ ನಿಷೇಧ ತರಲು ಜರ್ಮನಿ ಹೊರಟಾಗ ಯುರೋಪಿನ ಹಿಂದೂಗಳು ವಿರೋಧಿಸಿದರು. ಅದು ಕೈಬಿಟ್ಟು ಹೋಯಿತು. ಮರುವರ್ಷ, 2008ರಲ್ಲಿ, ಜೆರುಸಲೇಮಿನಲ್ಲಿ ಹಿಂದೂ ಮತ್ತು ಯಹೂದಿ ಧರ್ಮದ ಮುಖಂಡರು ಒಟ್ಟಿಗೆ ಕೂತು, ಹಿಂದೂಗಳಿಗೆ ಇದು ಪುರಾತನ ಮಂಗಳದ ಗುರುತು ಅಂತ ಬರಹದಲ್ಲಿ ಒಪ್ಪಿಕೊಂಡರು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 2022ರಲ್ಲಿ ನಾಜಿ ಗುರುತಿಗೆ ನಿಷೇಧ ಹಾಕಿತು. ಹಿಂದೂ, ಬೌದ್ಧ, ಜೈನರ ಬಳಕೆಗೆ ವಿನಾಯಿತಿ ಕೊಟ್ಟಿತು. ಅಂದರೆ ಗೆರೆ ನೋಡಿ ಅಲ್ಲ, ಯಾರು, ಎಲ್ಲಿ, ಎಂತಕ್ಕೆ ಹಾಕಿದರು ಅಂತ ನೋಡಿ ತೀರ್ಮಾನ ಮಾಡುವ ಕಾನೂನು. ಜೀಪಿನ ಹುಡುಗನಿಗೆ ನಾನು ಹೇಳಿದ್ದೂ ಅದೇ.

ನನ್ನ ಅಭಿಪ್ರಾಯ ಕೇಳಿದರೆ, ನಾವು ಇದನ್ನು ಬಿಡಬೇಕಾಗಿಲ್ಲ. ಇಲ್ಲಿ ಅದು ಮ್ಯೂಸಿಯಂನಲ್ಲಿ ಇಟ್ಟ ವಸ್ತುವಲ್ಲ. ದೀಪಾವಳಿಗೆ ಅಂಗಡಿಯ ಹೊಸ ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿ ಕುಂಕುಮದಲ್ಲಿ ಬರುತ್ತದೆ. ಹೊಸ ಬೈಕಿನ ಮೇಲೆ ಭಟ್ಟರ ಉಂಗುರದ ಬೆರಳಿನಿಂದ ಬರುತ್ತದೆ. ಶಿರಸಿ ಕಡೆಯ ಮನೆಗಳಲ್ಲಿ ಕೆಮ್ಮಣ್ಣಿನ ಗೋಡೆಯ ಮೇಲೆ ಶೇಡಿ ಅನ್ನುವ ಬಿಳಿ ಮಣ್ಣಿನಲ್ಲಿ ಬರುತ್ತದೆ. ಬಿಡಿಸುವ ಕ್ರಮವೂ ಎಲ್ಲರಿಗೂ ಗೊತ್ತು: ಮೊದಲು ನಿಂತ ಗೆರೆ, ಆಮೇಲೆ ಅಡ್ಡ ಗೆರೆ, ಆಮೇಲೆ ನಾಲ್ಕು ಕೈ, ಕೊನೆಗೆ ಸಂದಿಯಲ್ಲಿ ನಾಲ್ಕು ಚುಕ್ಕೆ. ಬ್ರಷ್‌ನಲ್ಲಿ ಬಣ್ಣ ಜಾಸ್ತಿ ಇದ್ದರೆ ಚುಕ್ಕೆ ಇಳಿದು ಗೆರೆಗೆ ತಾಗುತ್ತದೆ. ಅದಕ್ಕೇ ಚುಕ್ಕೆಯನ್ನು ಬ್ರಷ್‌ನ ಹಿಂದಿನ ಕಡ್ಡಿಯಿಂದ ಇಡುತ್ತೇನೆ. ನಾಜಿಗಳ ಗುರುತಿನಲ್ಲಿ ಆ ಚುಕ್ಕೆ ಇಲ್ಲ. ಆದರೆ ಚುಕ್ಕೆ ಇಟ್ಟರೆ ಸರಿ ಅಂತ ದಯವಿಟ್ಟು ಇನ್ನೊಂದು ಫಾರ್ವರ್ಡ್ ಮಾಡಬೇಡಿ. ನಮ್ಮಲ್ಲೂ ಚುಕ್ಕೆ ಇಲ್ಲದ ಸ್ವಸ್ತಿಕ ಬೇಕಾದಷ್ಟಿವೆ.

ಹಾಗಾದರೆ ಅತಿಥಿ ಕೇಳಿದಾಗ ಏನು ಹೇಳಬೇಕು? ಸುಲಭ. ಇದು ನಮ್ಮಲ್ಲಿ ಸಾವಿರಾರು ವರ್ಷದಿಂದ ಇದೆ. ಮನೆಗೆ ಒಳ್ಳೆಯದಾಗಲಿ ಅಂತ ಹಾಕುತ್ತೇವೆ. ನಿಮ್ಮ ಜನರಿಗೆ ಇದರ ಕೆಳಗೆ ಏನಾಯಿತು ಅಂತಲೂ ನಮಗೆ ಗೊತ್ತು. ಈ ಕೊನೆಯ ಮಾತು ಬಿಡಬಾರದು. ಎಲ್ಲರೂ ಬಿಡುವುದು ಅದನ್ನೇ. ಹತ್ತನೇ ತರಗತಿಯ ಸಮಾಜ ವಿಜ್ಞಾನದಲ್ಲಿ ಹಿಟ್ಲರ್ ಬರುತ್ತಾನೆ, ಯುದ್ಧ ಬರುತ್ತದೆ. ಆ ಪಾಠ ಮಾಡುವಾಗ ಮೇಷ್ಟ್ರುಗಳು ಇದನ್ನೂ ಒಂದರ್ಧ ಗಂಟೆ ಹೇಳಿದರೆ ಜೀಪಿನ ಹುಡುಗರು ಕಡಿಮೆ ಆದಾರು.

ಈಗ ಕೇಳಿಕೆ. ಗೋಕರ್ಣ, ಓಂ ಬೀಚ್, ಮುರ್ಡೇಶ್ವರದ ಹೋಂಸ್ಟೇಯವರು ಯಾರಾದರೂ ಈ ಮೂರು ಮಾತನ್ನು ಒಂದು ಸಣ್ಣ ಹಲಗೆಯ ಮೇಲೆ ಬಾಗಿಲ ಪಕ್ಕ ಹಾಕುವುದಾದರೆ ನಾನು ಬರೆದುಕೊಡುತ್ತೇನೆ. ಹಲಗೆ, ಪೇಂಟಿನ ಖರ್ಚು ಕೊಟ್ಟರೆ ಸಾಕು, ಕೂಲಿ ಬೇಡ. ಕನ್ನಡ, ಇಂಗ್ಲಿಷ್ ನನಗೆ ಬರುತ್ತದೆ. ಹೀಬ್ರೂ ಬರುವುದಿಲ್ಲ. ಅದು ಬಲದಿಂದ ಎಡಕ್ಕೆ ಹೋಗುವ ಲಿಪಿ. ಯಾರಾದರೂ ಅತಿಥಿಗಳಿಂದ ಕಾಗದದ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿಕೊಟ್ಟರೆ ಗೆರೆ ತಪ್ಪದೆ ಎತ್ತಿಕೊಳ್ಳುತ್ತೇನೆ. ಮೇ ತಿಂಗಳ ಒಳಗೆ ಹೇಳಿದರೆ ಅನುಕೂಲ. ಜೂನ್ ಬಂತೆಂದರೆ ಬೋಟಿನ ಕೆಲಸ ಶುರುವಾಗುತ್ತದೆ.

ಇಂತಿ,
ಒಬ್ಬ ಬೋರ್ಡ್ ಪೇಂಟರ್
ಅಂಕೋಲಾ